ಗೋಡೆಯ ಬಿರುಕು: ನಿದಾನವೂ ನಿಧಾನವೂ

ಮಳೆಗಾಲವು ಹಿಂದೆಗೆದು ಗೋಡೆಗಳು ಒಣಗುವ ಕಾಲಕ್ಕೆ ಸರಿಯಾಗಿ ಗೃಹಸ್ಥರ ಮನೆಗಳಲ್ಲಿ ದೀಪಾವಳಿಯ ಸುಣ್ಣಬಣ್ಣದ ಸಡಗರವೂ ಆರಂಭವಾಗುವುದು. ವರ್ಷವೆಲ್ಲ ಪಂಚಾಂಗದ ಹಿಂದೆಯೋ ದೇವರ ಪಟದ ಹಿಂದೆಯೋ ಅಡಗಿದ್ದ ಬಿರುಕುಗಳು ಯಜಮಾನರ ಕಣ್ಣಿಗೆ ಬೀಳುವುದು ಆಗಲೇ. “ಹಬ್ಬಕ್ಕೆ ಮುಂಚೆ ಇದನ್ನು ಮುಚ್ಚಿಸಿಬಿಡಿ” ಎಂದು ಗೃಹಿಣಿಯ ಅಪ್ಪಣೆ; “ಒಂದು ಬಾಂಡಲಿ ಸಿಮೆಂಟು ಸಾಕು” ಎಂದು ಗಾರೆಯವನ ಆಶ್ವಾಸನೆ. ಒಂದೆರಡು ಗಳಿಗೆಗಳಲ್ಲಿ ಬಿರುಕು ಮಾಯವಾಗುವುದು. ಮರುವರ್ಷ ಪಟವನ್ನು ಇಳಿಸಿದಾಗ ಅದೇ ಬಿರುಕು ಅದೇ ಸ್ಥಳದಲ್ಲಿ ನಿಂತು ನಮ್ಮನ್ನು ನೋಡುತ್ತಿರುವುದು. ಈ ಅನುಭವವಿಲ್ಲದ ಗೃಹಸ್ಥರು ವಿರಳವೆಂದೇ ನಮ್ಮ ನಂಬಿಕೆ. ಆದುದರಿಂದ ಈ ತಿಂಗಳು ಹಳೆಯ ಮನೆಯ ಗೋಡೆಯ ಬಿರುಕುಗಳನ್ನು ಕುರಿತು ನಾಲ್ಕು ಮಾತುಗಳನ್ನು ಬರೆಯಲು ಎಣಿಸಿದ್ದೇವೆ.

ನಾವು ಪಾಠ ಹೇಳುತ್ತಿದ್ದ ಕಾಲದಲ್ಲಿ ಹುಡುಗರು ‘ನಿದಾನ’ವೆಂಬ ಶಬ್ದವನ್ನೂ ‘ನಿಧಾನ’ವೆಂಬ ಶಬ್ದವನ್ನೂ ಒಂದರ ಸ್ಥಾನದಲ್ಲಿ ಮತ್ತೊಂದನ್ನು ಬರೆಯುತ್ತಿದ್ದರು. ನಾವು ಕೆಂಪು ಮಸಿಯಿಂದ ಅದನ್ನು ತಿದ್ದುತ್ತಿದ್ದೆವು. ಅಲ್ಪಪ್ರಾಣದ ನಿದಾನವೆಂದರೆ ರೋಗದ ಮೂಲಕಾರಣ, ಅದನ್ನು ಕಂಡುಹಿಡಿಯುವ ಬಗೆ. ಆಯುರ್ವೇದದಲ್ಲಿ ‘ಮಾಧವನಿದಾನ’ವೆಂಬ ಗ್ರಂಥವೇ ಇರುವುದು. ಮಹಾಪ್ರಾಣದ ನಿಧಾನಕ್ಕೆ ಸಂಸ್ಕೃತದಲ್ಲಿ ಬೇರೆ ಅರ್ಥಗಳಿದ್ದರೂ ನಮ್ಮ ಕನ್ನಡದಲ್ಲಿ ಅದು ತಾಳ್ಮೆ, ಸಾವಕಾಶ. ಗೋಡೆಯ ಬಿರುಕಿನ ವಿಷಯದಲ್ಲಿ ಮಾತ್ರ ಹುಡುಗರ ತಪ್ಪು ತಪ್ಪಲ್ಲವೆಂದು ನಮಗೆ ಈಗ ತೋರುತ್ತಿದೆ. ಇಲ್ಲಿ ನಿಧಾನವಿಲ್ಲದೆ ನಿದಾನವಿಲ್ಲ. ನಿದಾನವಿಲ್ಲದ ಚಿಕಿತ್ಸೆಯು ಹಣದ ವ್ಯಯವಲ್ಲದೆ ಬೇರೆಯಲ್ಲ. ಈ ಪಾಠವನ್ನು ನಾವು ಕಲಿತುದು ಪುಸ್ತಕದಿಂದಲ್ಲ, ನಮ್ಮ ಮನೆಯ ಗೋಡೆಗಳಿಂದಲೇ.

ಶಿಕಾರಿಪುರ ತಾಲ್ಲೂಕಿನ ಈಸೂರಿನ ಹೆಸರನ್ನು ಕೇಳದ ಕನ್ನಡಿಗರಿಲ್ಲ. 1942ರಲ್ಲಿ ಆ ಗ್ರಾಮವು ತಾನು ಸ್ವತಂತ್ರವೆಂದು ಸಾರಿದುದು, ಸೆಪ್ಟೆಂಬರಿನ ಘರ್ಷಣೆಯಲ್ಲಿ ಇಬ್ಬರು ಅಧಿಕಾರಿಗಳು ಮಡಿದುದು, ಅನಂತರ ಸೈನ್ಯವು ನುಗ್ಗಲು ಜನರು ಕಾಡುಪಾಲಾಗಿ ಮನೆಗಳು ಲೂಟಿಗೂ ಬೆಂಕಿಗೂ ತುತ್ತಾದುದು, 1943ರ ಮಾರ್ಚಿಯಲ್ಲಿ ಐವರು ಗ್ರಾಮಸ್ಥರು ಗಲ್ಲಿಗೇರಿದುದು, ಇವೆಲ್ಲವೂ ವಾಚಕರಿಗೆ ತಿಳಿದ ಸಂಗತಿಗಳು. ನಾವು ಹುಟ್ಟಿದುದು ಬಹಳ ತರುವಾಯ. ಹಿರಿಯರು ಹೇಳಿದುದನ್ನು ಕೇಳಿ ಬೆಳೆದವರು ನಾವು. ಊರಿಗೆ ಹಿಂದಿರುಗಿದ ನಮ್ಮ ಅಜ್ಜನವರು ಮನೆಯ ಪಡುವಣ ಭಾಗದಲ್ಲಿ ನಿಂತಿದ್ದ ಹಳೆಯ ಮಣ್ಣಿನ ಗೋಡೆಯನ್ನು ಹಾಗೆಯೇ ಉಳಿಸಿಕೊಂಡು, ಬಿದ್ದುಹೋದ ಭಾಗವನ್ನು ಮಾತ್ರ ಹೊಸದಾಗಿ ಎತ್ತಿಸಿದರಂತೆ. ಹಳೆಯ ಗೋಡೆಗೂ ಹೊಸ ಗೋಡೆಗೂ ನಡುವೆ ನೆಲದಿಂದ ಅಟ್ಟದವರೆಗೆ ನೆಟ್ಟಗೆ ಒಂದು ಬಿರುಕು. ಅದರೊಳಗೆ ಎಳೆಯ ಮಕ್ಕಳ ಕಿರುಬೆರಳು ಹೋಗುವಷ್ಟು ಅಗಲ. ಚಿಕ್ಕಂದಿನಲ್ಲಿ ನಾವು ಬಳಪದ ಚೂರುಗಳನ್ನು ಬಚ್ಚಿಡುತ್ತಿದ್ದುದು ಅದರಲ್ಲಿಯೇ.

ಮನೆಯಲ್ಲಿ ಇನ್ನೊಂದು ಬಿರುಕೂ ಇದ್ದಿತು. ಹಿಂದಣ ಕೋಣೆಯ ಕಿಟಕಿಯ ಮೇಲ್ಮೂಲೆಯಿಂದ ಹೊರಟು, ಮನೆಯ ಮೂಲೆಯ ಕಡೆಗೆ ಓರೆಯಾಗಿ ಏರಿದ್ದ ತೆಳುವಾದ ಗೀಟು. ಪೆನ್ಸಿಲಿನಿಂದ ಎಳೆದಂತಿದ್ದ ಅದನ್ನು ಯಾರೂ ಲಕ್ಷಿಸಿರಲಿಲ್ಲ. ಆ ಗೋಡೆಯ ಮಗ್ಗುಲಲ್ಲಿಯೇ ನಮ್ಮ ತಾಯಿಯವರ ಮಂಚ.

ಕೆಲವು ವರ್ಷಗಳ ಹಿಂದೆ ಮನೆಯಲ್ಲಿ ಒಂದು ಶುಭಕಾರ್ಯ ಒದಗಿತು. ಬರುವ ಬೀಗರು ಬಿರುಕುಬಿಟ್ಟ ಗೋಡೆಯನ್ನು ನೋಡಿದರೆ ಏನೆಂದಾರು ಎಂಬ ಲಜ್ಜೆಯಿಂದ ನಾವು ಅವಸರಪಟ್ಟು, ಪಡುವಣ ಗೋಡೆಯ ದೊಡ್ಡ ಬಿರುಕಿಗೆ ಸಿಮೆಂಟು ತುಂಬಿಸಿ, ಕೈಯಲ್ಲಿ ಹೇಗೂ ಆಳಿದ್ದಾನೆಂದು ಹಿಂದಣ ಕೋಣೆಗೂ ಒಳಹೊರಗೆ ಸಿಮೆಂಟಿನ ಗಿಲಾವು ಮಾಡಿಸಿ, ಬಣ್ಣ ಹೊಡೆಸಿದೆವು. ಕಾರ್ಯವು ಸಾಂಗವಾಗಿ ನೆರವೇರಿತು. ಮುಂದಿನ ಆಷಾಢದಲ್ಲಿ, ಒಂದು ವಾರ ಎಡೆಬಿಡದೆ ಸುರಿದ ಮಳೆಯ ತರುವಾಯ, ಹಿಂದಣ ಕೋಣೆಯ ಓರೆಬಿರುಕು ಹೊಸ ಗಿಲಾವನ್ನು ಸೀಳಿಕೊಂಡು ಮೊದಲಿಗಿಂತ ಅಗಲವಾಗಿ ಹೊರಬಂದಿತು. ಗೋಡೆಯ ಬುಡದಲ್ಲಿ ಗಿಲಾವು ಹೊಟ್ಟೆಬಿಟ್ಟುಕೊಂಡಿದ್ದಿತು. ಬೆರಳ ಗೆಣ್ಣಿನಿಂದ ತಟ್ಟಿದರೆ ಖಾಲಿ ಡಬ್ಬದ ಶಬ್ದ. ಆ ರಾತ್ರಿಯೇ ತಾಯಿಯವರ ಮಂಚವನ್ನು ನಡುಮನೆಗೆ ಸಾಗಿಸಿದೆವು.

ಮರುದಿನ ವಯೋವೃದ್ಧರಾದ ಗಾರೆಯವರೊಬ್ಬರನ್ನು ಕರೆಸಿದೆವು. ಅವರು ಬಿರುಕನ್ನು ಒಂದು ಸಲ ನೋಡಿ, ಏನನ್ನೂ ಹೇಳದೆ ಹಿತ್ತಲಿಗೆ ನಡೆದರು. ಬಚ್ಚಲಿನ ನೀರು ಹರಿಯುವ ಕಾಲುವೆಯ ಬಳಿ ಕುಳಿತು, ಗೋಡೆಯ ಮೂಲೆಯ ಮಣ್ಣನ್ನು ಒಂದು ಕಡ್ಡಿಯಿಂದ ಕೆದಕಿದರು. ಕಡ್ಡಿಯು ಬೆಣ್ಣೆಯಲ್ಲಿ ಇಳಿದಂತೆ ಇಳಿಯಿತು. “ಮೇಷ್ಟ್ರೇ, ಗೋಡೆ ಆಮೇಲೆ ನೋಡೋಣ. ಮೊದಲು ನಿಮ್ಮನೆ ನೀರು ಎಲ್ಲಿಗೆ ಹೋಗ್ತದೆ ಹೇಳಿ” ಎಂದರು. ಕಾಲುವೆಯ ಚಪ್ಪಡಿ ಎಂದೋ ಒಡೆದುಹೋಗಿ, ದಿನದಿನದ ಸ್ನಾನದ ನೀರೆಲ್ಲವೂ ಮೂಲೆಯ ತಳಪಾಯಕ್ಕೆ ಇಳಿಯುತ್ತಿದ್ದಿತು. ಮೂಲೆ ಕುಸಿಯುತ್ತಿದ್ದಿತು. ಅದನ್ನು ಆ ತೆಳುವಾದ ಗೀಟು ವರ್ಷಗಳಿಂದ ಹೇಳುತ್ತಲೇ ಇದ್ದಿತು. ಓದುಬರಹವೇ ವೃತ್ತಿಯಾಗಿದ್ದ ನಮಗೆ ಆ ಒಂದು ಗೀಟನ್ನು ಓದಲು ಬರಲಿಲ್ಲ.

ನಾವು ಭಯಪಟ್ಟು ಮುಚ್ಚಿಸಿದ ದೊಡ್ಡ ಬಿರುಕು ನಿರಪಾಯವಾದುದು. ನಿರ್ಲಕ್ಷಿಸಿದ ಸಣ್ಣ ಬಿರುಕು ಅಪಾಯಕರವಾದುದು. ಅಗಲವನ್ನು ನೋಡಿ ಬಿರುಕಿನ ಬಲಾಬಲವನ್ನು ನಿರ್ಣಯಿಸಕೂಡದೆಂಬುದೇ ಈ ಲೇಖನದ ಸಾರ. ಕೇಳಬೇಕಾದ ಪ್ರಶ್ನೆಗಳು ಎರಡೇ: ಈ ಬಿರುಕು ಸತ್ತುದೋ ಜೀವಂತವೋ, ಎಂದರೆ ನಿಂತುಹೋಗಿದೆಯೋ ಇನ್ನೂ ಬೆಳೆಯುತ್ತಿದೆಯೋ? ಬೆಳೆಯುತ್ತಿದ್ದರೆ ಅದನ್ನು ಬೆಳೆಸುತ್ತಿರುವುದು ಯಾವುದು?

ಗಿಲಾವು ಗೋಡೆಯ ಚರ್ಮವಿದ್ದಂತೆ; ಗೋಡೆಯೇ ಅಸ್ಥಿಮಾಂಸ. ಚರ್ಮದ ರೋಗವು ಬೇರೆ, ಅಸ್ಥಿಯ ರೋಗವು ಬೇರೆ. ಬಲೆಯಂತೆ ಎಲ್ಲ ಕಡೆಗೂ ಹರಡಿರುವ ಕೂದಲೆಳೆಯ ಬಿರುಕುಗಳು ಚರ್ಮರೋಗದ ಜಾತಿಗೆ ಸೇರಿದುವು. ಗಾರೆಯಲ್ಲಿ ನೀರು ಹೆಚ್ಚಾಗಿ, ಇಲ್ಲವೆ ಬಿಸಿಲಿಗೆ ಬೇಗನೆ ಒಣಗಿ ಕುಗ್ಗಿದಾಗ ಇವು ಹುಟ್ಟುವುವು. ಸುಣ್ಣಬಣ್ಣದಲ್ಲಿ ಇವು ಮುಚ್ಚಿಹೋಗುವುವು, ಚಿಂತೆಗೆ ಕಾರಣವಿಲ್ಲ. ಆದರೆ ತಟ್ಟಿದಾಗ ಡೊಳ್ಳುಶಬ್ದ ಬಂದರೆ ಗಿಲಾವು ಗೋಡೆಯನ್ನು ಬಿಟ್ಟಿದೆಯೆಂದು ತಿಳಿಯತಕ್ಕದ್ದು. ಅಂಥ ಭಾಗವನ್ನು ಕಿತ್ತು ಹೊಸದಾಗಿ ಹಚ್ಚಬೇಕಲ್ಲದೆ ಮೇಲೆ ಬಳಿದು ಫಲವಿಲ್ಲ.

ಗೋಡೆಯ ಒಳಮುಖದಲ್ಲಿಯೂ ಹೊರಮುಖದಲ್ಲಿಯೂ ಒಂದೇ ಸ್ಥಳದಲ್ಲಿ ಕಾಣುವ ಬಿರುಕು ಅಸ್ಥಿಗೆ ಸಂಬಂಧಿಸಿದುದು. ಇದರ ಆಕಾರವನ್ನು ಗಮನಿಸಬೇಕು. ಓರೆಯಾಗಿದ್ದು ಮೇಲೆ ಅಗಲ, ಕೆಳಗೆ ಕಿರಿದಾದ ಬಿರುಕು, ಗೋಡೆಯ ಒಂದು ಕೊನೆ ಅಥವಾ ಮೂಲೆ ಕುಸಿಯುತ್ತಿರುವುದರ ಚಿಹ್ನೆ. ಕೆಳಗೆ ಅಗಲ, ಮೇಲೆ ಕಿರಿದಾಗಿದ್ದರೆ ಗೋಡೆಯ ನಡುಭಾಗವು ಕುಳಿತಿರುವುದರ ಚಿಹ್ನೆ. ಕಿಟಕಿ ಬಾಗಿಲುಗಳ ಮೂಲೆಗಳಲ್ಲಿ ಗೋಡೆಯ ಬಲವು ಕಡಮೆಯಾದುದರಿಂದ ಬಿರುಕು ಅಲ್ಲಿಂದಲೇ ಹೊರಡುವುದು ಸಾಮಾನ್ಯ. ಬಾಗಿಲ ಮೇಲಣ ಅಡ್ಡತೊಲೆಯನ್ನು ಗೆದ್ದಲು ತಿಂದಿದ್ದರೂ ಅಲ್ಲಿಯೇ ಬಿರುಕು ಕಾಣುವುದು. ಆದುದರಿಂದ ತೊಲೆಯನ್ನು ಮೊಳೆಯಿಂದ ಒಮ್ಮೆ ಚುಚ್ಚಿ ನೋಡತಕ್ಕದ್ದು.

ಹಳೆಯ ಗೋಡೆಗೆ ಹೊಸ ಗೋಡೆಯನ್ನು ಕೂಡಿಸಿದೆಡೆ ನೆಟ್ಟಗೆ ಮೇಲಿಂದ ಕೆಳಕ್ಕೆ ಬರುವ ಬಿರುಕು ಸಂಧಿಯ ಬಿರುಕು. ಹಳೆಯ ಗೋಡೆ ತನ್ನ ಭಾರಕ್ಕೆ ಎಂದೋ ಕುಳಿತು ನೆಲೆಗೊಂಡಿರುವುದು. ಹೊಸದು ಒಣಗುತ್ತ ಕುಗ್ಗುವುದು, ತನ್ನ ಭಾರಕ್ಕೆ ಕುಳಿತುಕೊಳ್ಳುವುದು. ಒಂದರೊಳಗೊಂದು ಕಲ್ಲು ಇಟ್ಟಿಗೆಗಳನ್ನು ಹೆಣೆಯದಿದ್ದರೆ ಎರಡೂ ಬೇರೆಯಾಗುವುದು ಸಹಜವೇ. ಒಮ್ಮೆ ಬೇರೆಯಾಗಿ ನಿಂತ ಮೇಲೆ ಅಂಥ ಬಿರುಕು ಹಲವು ಕಾಲ ಹಾಗೆಯೇ ಇರಬಲ್ಲುದು. ನಮ್ಮ ಪಡುವಣ ಗೋಡೆಯದು ಇದೇ ಜಾತಿಯದು.

ಹಂಚಿನ ಮನೆಗೆ ತಾರಸಿಯನ್ನು ಸೇರಿಸಿರುವವರು ಇನ್ನೊಂದು ಬಿರುಕನ್ನು ಕಂಡಿರಬಹುದು. ಗೋಡೆಯೂ ತಾರಸಿಯೂ ಕೂಡುವ ಸ್ಥಳದಲ್ಲಿ ಅಡ್ಡಲಾಗಿ ಓಡುವ ಗೆರೆಯದು. ಹತ್ತು ಮೀಟರು ಉದ್ದದ ಕಾಂಕ್ರೀಟು ಇಪ್ಪತ್ತು ಡಿಗ್ರಿ ಹೆಚ್ಚು ಬಿಸಿಯಾದರೆ ಸುಮಾರು ಎರಡು ಮಿಲಿಮೀಟರು ಹಿಗ್ಗುವುದು. ರಾತ್ರಿ ತಣಿದಾಗ ಮತ್ತೆ ಕುಗ್ಗುವುದು. ಕೆಳಗಿನ ಗೋಡೆ ಅಷ್ಟು ಹಿಗ್ಗಲಾರದು. ಈ ಬಿರುಕು ದಿನವೂ ಉಸಿರಾಡುವಂಥದು. ಗಟ್ಟಿಯಾದ ಸಿಮೆಂಟಿನಿಂದ ಎಷ್ಟು ಬಾರಿ ತುಂಬಿದರೂ ಮತ್ತೆ ಬಾಯ್ದೆರೆಯುವುದು. ಸೂರ್ಯನ ತಾಪವು ತಾರಸಿಗೆ ತಾಕದಂತೆ ಮೇಲೆ ಬಿಳಿಯ ಸುಣ್ಣವನ್ನಾದರೂ ಬಳಿಯುವುದು ಮೇಲು. ಕಾಂಕ್ರೀಟಿನೊಳಗೆ ಕಬ್ಬಿಣದ ಸರಳಿನ ನೇರಕ್ಕೆ ಬಿರುಕು ಬಂದು ಕಂದುಬಣ್ಣದ ಕಲೆ ಕಂಡರೆ ಸರಳಿಗೆ ತುಕ್ಕು ಹಿಡಿದಿದೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಸ್ಥಳವನ್ನು ಆಕ್ರಮಿಸಿ ಕಾಂಕ್ರೀಟನ್ನು ಒಳಗಿನಿಂದಲೇ ಒಡೆಯುವುದು. ಇದನ್ನು ತಡಮಾಡದೆ ಬಲ್ಲವರಿಗೆ ತೋರಿಸಬೇಕು.

ಎರೆಮಣ್ಣಿನ ಸೀಮೆಯ ವಾಚಕರಿಗೆ ಒಂದು ಮಾತು. ಎರೆಭೂಮಿಯು ಮಳೆಗಾಲದಲ್ಲಿ ಉಬ್ಬಿ, ಬೇಸಗೆಯಲ್ಲಿ ಕುಗ್ಗಿ ಬಾಯಿಬಿಡುವುದು. ಅದರ ಮೇಲೆ ಆಳವಿಲ್ಲದ ತಳಪಾಯದ ಮನೆಯಿದ್ದರೆ ಗೋಡೆಯ ಬಿರುಕುಗಳು ಋತುಗಳನ್ನು ಅನುಸರಿಸಿ ತೆರೆದು ಮುಚ್ಚುವುವು. ಗೋಡೆಯ ಸಮೀಪದ ದೊಡ್ಡ ಮರಗಳು ನೆಲದ ನೀರನ್ನು ಹೀರಿ ಈ ಕುಗ್ಗುವಿಕೆಯನ್ನು ಹೆಚ್ಚಿಸುವುವು.

ಇನ್ನು ಬಿರುಕು ಸತ್ತುದೋ ಜೀವಂತವೋ ಎಂಬುದನ್ನು ಅರಿಯುವ ಉಪಾಯ. ಇದಕ್ಕೆ ಕಾಸಿನ ವೆಚ್ಚವಿಲ್ಲ. ಬಿರುಕಿನ ಎರಡು ತುದಿಗಳಲ್ಲಿಯೂ ಪೆನ್ಸಿಲಿನಿಂದ ಅಡ್ಡಗೆರೆ ಎಳೆದು ಪಕ್ಕದಲ್ಲಿ ತಾರೀಖನ್ನು ಬರೆಯಿರಿ. ಅತ್ಯಂತ ಅಗಲವಾದ ಸ್ಥಳವನ್ನು ಅಳತೆಯ ಪಟ್ಟಿಯಿಂದ ಅಳೆದು ಅದನ್ನೂ ಬರೆಯಿರಿ. ಬಿರುಕಿಗೆ ಅಡ್ಡಲಾಗಿ ತೆಳುವಾದ ಗಾಜಿನ ಚೂರೊಂದನ್ನು ಎರಡು ಕಡೆಗೂ ಗಾರೆಯಿಂದ ಭದ್ರವಾಗಿ ಅಂಟಿಸಿದರೆ ಇನ್ನೂ ಉತ್ತಮ. ಗೋಡೆ ಅಲುಗಿದರೆ ಗಾಜು ಒಡೆಯುವುದು. ತಿಂಗಳಿಗೊಮ್ಮೆ, ಸಂಕ್ರಮಣವೋ ಹುಣ್ಣಿಮೆಯೋ ಎಂದು ಒಂದು ದಿನವನ್ನು ಗೊತ್ತುಮಾಡಿಕೊಂಡು, ಅಳೆದುದನ್ನು ಮನೆಯ ಲೆಕ್ಕದ ಪುಸ್ತಕದಲ್ಲಿ ಬರೆದಿಡಿ. ಮಳೆ, ಚಳಿ, ಬೇಸಗೆ ಮೂರೂ ಕಳೆಯಬೇಕಾದುದರಿಂದ ಒಂದು ವರ್ಷ ಕಾಯುವುದು ಯುಕ್ತ. ವರ್ಷಾಂತ್ಯದಲ್ಲಿ ಗೆರೆಯನ್ನು ದಾಟದ ಬಿರುಕು ಸತ್ತುದು. ತೆರೆದು ಮುಚ್ಚಿ ಮೊದಲಿನ ಅಳತೆಗೇ ಬಂದು ನಿಂತುದು ಋತುಧರ್ಮದ್ದು. ಒಂದೇ ದಿಕ್ಕಿನಲ್ಲಿ ಅಗಲವಾಗುತ್ತಲೇ ಹೋದುದು ಜೀವಂತ.

ಅಗಲಕ್ಕೂ ಒಂದು ಮಟ್ಟಿನ ಬೆಲೆಯುಂಟು. ಇಂಗ್ಲೆಂಡಿನ ಕಟ್ಟಡ ಸಂಶೋಧನಾ ಸಂಸ್ಥೆಯವರ ವಿಂಗಡಣೆಯಲ್ಲಿ ಒಂದು ಮಿಲಿಮೀಟರಿನವರೆಗಿನದು ಸೂಕ್ಷ್ಮ. 5 ಮಿಲಿಮೀಟರಿನವರೆಗಿನದು ಅಲ್ಪ. 5ರಿಂದ 15ರವರೆಗಿನದು ಮಧ್ಯಮ. 15ನ್ನು ಮೀರಿದುದು ತೀವ್ರ. 25ನ್ನು ಮೀರಿದುದು ಅತಿತೀವ್ರ. ಇದು ಇಟ್ಟಿಗೆಯ ಮನೆಗಳನ್ನು ಮುಖ್ಯವಾಗಿ ಮನಸ್ಸಿನಲ್ಲಿಟ್ಟು ಮಾಡಿದುದಾದರೂ ನಮಗೆ ಒಂದು ಅಳತೆಗೋಲಾಗಬಲ್ಲುದು. ಆದರೆ ನಮ್ಮ ಮನೆಯ ಕಥೆಯನ್ನು ಓದಿದ ವಾಚಕರು ಎರಡು ಮಿಲಿಮೀಟರಿನ ಜೀವಂತ ಬಿರುಕನ್ನು ಹತ್ತು ಮಿಲಿಮೀಟರಿನ ಸತ್ತ ಬಿರುಕಿಗಿಂತ ಕೀಳಾಗಿ ಎಣಿಸಲಾರರೆಂದು ನಂಬಿದ್ದೇವೆ.

ಕೆಲವು ಲಕ್ಷಣಗಳಿದ್ದರೆ ವರ್ಷವಿರಲಿ, ಒಂದು ರಾತ್ರಿಯೂ ಕಾಯಕೂಡದು. ಗೋಡೆ ಉಬ್ಬಿಕೊಂಡಿರುವುದು, ತೂಗುಗುಂಡು ಬಿಟ್ಟು ನೋಡಿದಾಗ ವಾಲಿರುವುದು, ಸರಿಯಾಗಿದ್ದ ಬಾಗಿಲು ಕಿಟಕಿಗಳು ಇದ್ದಕ್ಕಿದ್ದಂತೆ ಬಿಗಿಯಾಗುವುದು, ತೊಲೆಯ ತುದಿ ಗೋಡೆಯಿಂದ ಈಚೆಗೆ ಸರಿದಿರುವುದು, ಮಣ್ಣಿನ ಗೋಡೆಯ ಬುಡ ನೆನೆದು ಮೆತ್ತಗಾಗಿರುವುದು, ಇವು ಅಂಥವು. ಆ ಕೋಣೆಯಲ್ಲಿ ಯಾರನ್ನೂ ಮಲಗಿಸದೆ, ಮಾಡಿಗೆ ಊರೆಗೊಟ್ಟು, ಇಂಜಿನಿಯರನ್ನೋ ಅನುಭವಿಗಳನ್ನೋ ಕರೆಸತಕ್ಕದ್ದು. 1993ರ ಸೆಪ್ಟೆಂಬರು 30ರ ಬೆಳಗಿನ ಜಾವ ಮಹಾರಾಷ್ಟ್ರದ ಕಿಲ್ಲಾರಿಯ ಸೀಮೆಯಲ್ಲಿ ಭೂಕಂಪವಾದಾಗ, ಮಣ್ಣಿನ ಗಾರೆಯಿಂದ ಕಟ್ಟಿದ ದಪ್ಪನೆಯ ಕಲ್ಲುಗೋಡೆಗಳು ಮಲಗಿದ್ದವರ ಮೇಲೆಯೇ ಉರುಳಿ ಸಾವಿರಾರು ಜನರು ಮೃತರಾದರು. ಗೋಡೆ ದಪ್ಪವಾಗಿದೆಯೆಂಬ ಧೈರ್ಯವೊಂದೇ ಸಾಲದು. ಅದರ ಒಳಹೊರ ಮೈಗಳು ಒಂದನ್ನೊಂದು ಹಿಡಿದುಕೊಂಡಿರಬೇಕು.

ಚಿಕಿತ್ಸೆಯ ಕ್ರಮವನ್ನು ಇನ್ನು ಹೇಳುವೆವು. ಮೊದಲನೆಯದು ನೀರು, ಎರಡನೆಯದೂ ನೀರು, ಮೂರನೆಯದು ಮಾತ್ರ ಗಾರೆ. ಒಡೆದ ಹೆಂಚು, ಸೂರಿನಿಂದ ಬುಡಕ್ಕೆ ಬೀಳುವ ಧಾರೆ, ಬಚ್ಚಲಿನ ಕಾಲುವೆ, ಗೋಡೆಗೆ ಒತ್ತಿಕೊಂಡಿರುವ ನೀರಿನ ತೊಟ್ಟಿ, ಅಂಗಳದ ಮಣ್ಣು ಏರಿ ಮನೆಯ ಕಡೆಗೇ ಇಳಿಜಾರಾಗಿರುವುದು, ಇವನ್ನೆಲ್ಲ ಸರಿಪಡಿಸಿದ ಮೇಲೆ ಗೋಡೆ ಚೆನ್ನಾಗಿ ಒಣಗಲು ಒಂದು ಬೇಸಗೆಯನ್ನು ಬಿಡಬೇಕು.

ಆ ಬಳಿಕ ಗೋಡೆಯ ಸ್ವಭಾವಕ್ಕೆ ಹೊಂದುವ ಗಿಲಾವು. ಮಣ್ಣಿನ ಗೋಡೆ ನೆಲದಿಂದ ಸ್ವಲ್ಪ ತೇವವನ್ನು ಹೀರಿ ಮೈಯಿಂದ ಗಾಳಿಗೆ ಬಿಡುತ್ತಲೇ ಇರುವುದು. ಅದರ ಮೇಲೆ ಸಿಮೆಂಟನ್ನು ಹೊದಿಸಿದರೆ ತೇವಕ್ಕೆ ಹೊರಬರಲು ದಾರಿಯಿಲ್ಲದೆ ಮೇಲಕ್ಕೇರುವುದು, ಒಳಗಿನ ಮಣ್ಣು ಮೆತ್ತಗಾಗುವುದು, ಸಿಮೆಂಟಿನ ಪದರ ಹಲಗೆಯಂತೆ ಬಿಟ್ಟುಕೊಳ್ಳುವುದು. ನಮ್ಮ ಹಿಂದಣ ಕೋಣೆಯಲ್ಲಿ ಆದುದು ಇದೇ. ಸಿಮೆಂಟು ಕೆಟ್ಟದೆಂದು ನಾವು ಹೇಳುವುದಿಲ್ಲ. ಇಂಗ್ಲೆಂಡಿನಲ್ಲಿ 1824ರಲ್ಲಿ ಪೋರ್ಟ್‌ಲೆಂಡ್ ಸಿಮೆಂಟಿಗೆ ಹಕ್ಕುಪತ್ರ ದೊರೆತಂದಿನಿಂದ ಅದು ಲೋಕಕ್ಕೆ ಮಾಡಿರುವ ಉಪಕಾರ ಅಪಾರ. ಆದರೆ ಗಟ್ಟಿಯಾದುದು ಮೆತ್ತನೆಯದರ ಮೇಲೆ ಬಾಳಲಾರದು. ಮಣ್ಣಿನ ಗೋಡೆಗೆ ಜರಡಿಯಾಡಿದ ಮಣ್ಣು, ಮರಳು, ಕತ್ತರಿಸಿದ ಹುಲ್ಲು, ಸಗಣಿಗಳನ್ನು ಕಲಸಿ ಕೆಲವು ದಿನ ಕೊಳೆಯಿಸಿ ಹಚ್ಚುವುದು ನಮ್ಮ ಹಿರಿಯರ ಪದ್ಧತಿ. ಮೊದಲು ಒಂದು ಮೊಳ ಸ್ಥಳದಲ್ಲಿ ಹಚ್ಚಿ ನೋಡಿ. ಒಣಗಿದಾಗ ಬಿರಿದರೆ ಮರಳನ್ನು ಹೆಚ್ಚಿಸಿ.

ಸುಣ್ಣದ ಗಾರೆಯ ಗೋಡೆಗೆ ಸುಣ್ಣವೇ ತಕ್ಕುದು. ಅರಳಿಸಿದ ಸುಣ್ಣವನ್ನು ಚೆನ್ನಾಗಿ ನೆನೆಯಬಿಟ್ಟು, ಒಂದು ಭಾಗಕ್ಕೆ ಮೂರು ಭಾಗ ಶುದ್ಧವಾದ ಮರಳನ್ನು ಸೇರಿಸಿ ಅರೆಯುವರು. ಬೆಲ್ಲ, ಅಳಲೆಕಾಯಿಗಳ ನೀರನ್ನು ಬೆರಸುವ ಸಂಪ್ರದಾಯವೂ ಉಂಟು. ಸುಣ್ಣವು ಗಾಳಿಯಲ್ಲಿನ ಇಂಗಾಲಾಮ್ಲವಾಯುವನ್ನು ಹೀರಿ ಮೆಲ್ಲಮೆಲ್ಲನೆ ಮತ್ತೆ ಕಲ್ಲಾಗುವುದು. ಆದುದರಿಂದ ತೆಳುವಾದ ಪದರಗಳಾಗಿ ಹಚ್ಚಿ, ಬಿಸಿಲು ತಾಕದಂತೆ ಮರೆಮಾಡಿ, ಕೆಲವು ದಿನಗಳವರೆಗೆ ನೀರು ಚಿಮುಕಿಸುತ್ತಿರಬೇಕು. ಇಲ್ಲಿಯೂ ನಿಧಾನವೇ ಪ್ರಧಾನ.

ನಮ್ಮ ಮನೆಯ ಕಥೆಯ ಉಳಿದ ಭಾಗವನ್ನು ಹೇಳಿ ಮುಗಿಸುವೆವು. ಬಚ್ಚಲಿನ ನೀರನ್ನು ದೂರದ ತೆಂಗಿನ ಬುಡಕ್ಕೆ ತಿರುಗಿಸಿದೆವು. ಮೂಲೆಯ ತಳಪಾಯವನ್ನು ಮೊಳಮೊಳವಾಗಿ ಬಿಡಿಸಿ ಕಲ್ಲಿನಿಂದ ಭದ್ರಪಡಿಸಿದರು. ಸಿಮೆಂಟನ್ನೆಲ್ಲ ಕೀಳಿಸಿದೆವು. ನಮ್ಮ ಶುಭಕಾರ್ಯದ ವೆಚ್ಚದಲ್ಲಿ ನಾಲ್ಕನೆಯ ಒಂದು ಪಾಲು ಅದನ್ನು ಹಚ್ಚಿದುದಕ್ಕೂ ಕಿತ್ತುದಕ್ಕೂ ಸಂದಿತೆಂಬುದನ್ನು ಸಂಕೋಚದಿಂದಲೇ ಒಪ್ಪಿಕೊಳ್ಳುವೆವು. ಪೆನ್ಸಿಲಿನ ಗೆರೆಯ ಪಕ್ಕದಲ್ಲಿ ಹನ್ನೆರಡು ತಿಂಗಳು ತಾರೀಖು ಬರೆದೆವು. ನಾಲ್ಕು ಮಿಲಿಮೀಟರಿನಲ್ಲಿದ್ದ ಬಿರುಕು ನಾಲ್ಕರಲ್ಲಿಯೇ ನಿಂತಿತು. ಎರಡನೆಯ ಬೇಸಗೆಯಲ್ಲಿ ಅದನ್ನು ತುಂಬಿಸಿ ಮಣ್ಣಿನ ಗಿಲಾವು ಮಾಡಿಸಿದೆವು. ತಾಯಿಯವರ ಮಂಚ ಹಿಂದಣ ಕೋಣೆಗೆ ಮರಳಿತು.

ಕೊನೆಯ ದಿನ ಆ ವೃದ್ಧರು ಪಡುವಣ ಗೋಡೆಯ ಮುಂದೆ ನಿಂತು, ಕೆರೆದು ತೆಗೆದ ಸಿಮೆಂಟಿನ ಹಿಂದಿನ ಹಳೆಯ ಸಂಧಿಯನ್ನು ಬೆರಳಿನಿಂದ ಸವರಿ, “ಇದನ್ನೂ ತುಂಬಿಬಿಡಲಾ, ಅಮ್ಮಾ?” ಎಂದು ತಾಯಿಯವರನ್ನು ಕೇಳಿದರು. ಗಾಳಿಗೆ ಹುಳುಹುಪ್ಪಟೆ ಬಾರದಷ್ಟು ಸುಣ್ಣ ತುಂಬಿದರೆ ಸಾಕು, ಗೆರೆ ಕಾಣುತ್ತಿರಲಿ ಎಂದರು ತಾಯಿಯವರು. “ಅದರ ಆಚೆ ಮಾವನವರು ಉಳಿಸಿಕೊಂಡದ್ದು, ಈಚೆ ಕಟ್ಟಿದ್ದು. ಬಂದವರು ನೋಡಲಿ, ಅದರಲ್ಲಿ ನಾಚಿಕೆ ಏನು?” ಎಂದರು. ಬೀಗರ ಮುಂದೆ ಅದನ್ನು ಮರೆಸಲು ಹವಣಿಸಿದ್ದ ನಮಗೆ ಉತ್ತರವಿರಲಿಲ್ಲ.

ಏಸೂರು ಕೊಟ್ಟರೂ ಈಸೂರು ಕೊಡೆವೆಂದು ಸಾರಿದವರ ಊರು ಅದು. ಪದವನ್ನು ಬಿಡಿಸಿ ನೋಡುವ ನಮ್ಮ ಹಳೆಯ ಚಾಳಿಗೆ ಅದು ‘ಈ ಸೂರು’ ಎಂದೂ ಕೇಳಿಸುವುದು. ಪ್ರತಿಯೊಬ್ಬ ಗೃಹಸ್ಥನಿಗೂ ತನ್ನದೇ ಆದ ಒಂದು ಸೂರು ಉಂಟಷ್ಟೆ. ಅದನ್ನು ಉಳಿಸಿಕೊಳ್ಳುವ ಕೆಲಸವು ಕರಣೆಯಿಂದ ಆರಂಭವಾಗುವುದಿಲ್ಲ, ಕಣ್ಣಿನಿಂದ ಆರಂಭವಾಗುವುದು. ಈ ಹಬ್ಬಕ್ಕೆ ಪಟಗಳನ್ನು ಇಳಿಸಿದಾಗ ವಾಚಕರು ಗಾರೆಯವರಿಗೆ ಹೇಳಿಕಳುಹಿಸುವುದಕ್ಕೆ ಮುಂಚೆ, ಒಂದು ಪೆನ್ಸಿಲನ್ನು ತೆಗೆದುಕೊಂಡು ಗೋಡೆಯ ಮೇಲೆ ಅಂದಿನ ತಾರೀಖನ್ನು ಬರೆಯುವರಾದರೆ ನಮ್ಮ ಬರವಣಿಗೆಯು ಸಾರ್ಥಕವಾಯಿತೆಂದು ಭಾವಿಸುವೆವು.